ಹಾಲಮ್ಮನ ಮದುವೆ ಚಪ್ಪರ

"ತಡೀರಿ" ಎಂದು ಜಗದಾಂಬಮ್ಮ ಕೈ ಎತ್ತಿದಾಗ ತಾಂಬೂಲದ ತಟ್ಟೆಗಳೆರಡೂ ಇನ್ನೂ ಗಾಳಿಯಲ್ಲೇ ಇದ್ದವು. ಒಂದನ್ನು ಅವರ ಮಗ ಓಂಕಾರಮೂರ್ತಿ ಹಿಡಿದಿದ್ದ, ಇನ್ನೊಂದನ್ನು ಕೊಂಡ್ಲಹಳ್ಳಿಯ ಜಂಬುಲಿಂಗಪ್ಪ. ತಟ್ಟೆಗಳು ಕೈ ಬದಲಾಯಿಸಿಬಿಟ್ಟರೆ ಓಂಕಾರಮೂರ್ತಿಯ ಮಗಳು ದೀಪಿಕಾಳಿಗೂ ಜಂಬುಲಿಂಗಪ್ಪನವರ ಮೊಮ್ಮಗ ವಿಶ್ವನಾಥನಿಗೂ ಮದುವೆ ನಿಶ್ಚಯವಾದಂತೆ. ಅಡಿಗೆಮನೆಯಲ್ಲಿ ಸೊಸೆ ಗಂಗಾಂಬಿಕೆ ಹೋಳಿಗೆಯ ಹೆಂಚನ್ನು ಆಗಲೇ ಒಲೆಗೆ ಏರಿಸಿದ್ದಳು.

ಗೋಡೆಗೆ ಒರಗಿದ್ದ ಜಗದಾಂಬಮ್ಮ ಮುಂದಕ್ಕೆ ಬಾಗಿದರು. "ಜಂಬುಲಿಂಗಪ್ಪನೋರೆ, ಕೊಂಡ್ಲಹಳ್ಳಿಯಾಗೆ ನಿಮ್ದು ಬಾವಿ ಮಗ್ಗುಲಿನ ಮನೆ ಅಲ್ವಾ? ಮುಂದೆ ದೊಡ್ಡ ಅಂಗಳ ಐತೆ?"

"ಹೌದಮ್ಮ. ಈಗಲೂ ಹಂಗೇ ಐತೆ."

"ಆ ಅಂಗಳದಾಗೇ ನಮ್ಮ ಹಾಲಮ್ಮನ ಮದುವೆ ಆಗಿದ್ದು. ಚಪ್ಪರ ಈಗಲೂ ಕಣ್ಣಿಗೆ ಕಟ್ಟಿದಂಗೈತೆ. ಚಪ್ಪರ ಹಾಕೋದು ಹೆಣ್ಣಿನ ಮನೆ ಮುಂದೆ. ಅಂದ್ಮೇಲೆ ಅದು ಹಾಲಮ್ಮನ ಅಪ್ಪನ ಮನೆ. ಹಾಲಮ್ಮ ಯಾರು? ನಮ್ಮ ಮಾವನೋರ ತಮ್ಮನ ಮಗಳು. ನೀವೂ ನಮ್ಮ ಬೆಡಗಿನೋರೇ ಆದ್ರಿ, ಹುಣಸೆಯವರು. ಈ ಹುಡುಗ ಹುಡುಗಿ ಅಣ್ಣ ತಂಗಿ ಆಗ್ತಾರೆ."

ಜಂಬುಲಿಂಗಪ್ಪ ಮೊದಲು ನಕ್ಕರು, ತಮಾಷೆಯೇನೋ ಎಂದುಕೊಂಡು. ಯಾರೂ ನಗದಿದ್ದುದನ್ನು ಕಂಡು ಮುಖ ಬಿಗಿಮಾಡಿಕೊಂಡರು. "ಏನಮ್ಮ ಹಿಂಗಂತೀರಿ? ನಾವು ಎಳ್ಳಿನವರು. ಹಾಲಮ್ಮನ ಅಪ್ಪನ ಮನೆ ನಮ್ಮ ಪಕ್ಕದ್ದು. ಆ ವರ್ಷ ಮಳೆಗೆ ಅವರ ಮಾಳಿಗೆ ಕುಸೀತು ಅಂತ ನಮ್ಮಪ್ಪ ಮದುವೆಗೆ ನಮ್ಮ ಅಂಗಳ ಬಿಟ್ಟುಕೊಟ್ಟ."

"ಮಾಳಿಗೆ ಕುಸಿದಿದ್ರೆ ನನಗೆ ಗೊತ್ತಿರ್ತಿರಲಿಲ್ವಾ? ನಾನು ಆ ವಂಶದ ಸೊಸೆ."

ಒಂದೇ ಬೆಡಗಿನವರೆಂದರೆ ಒಂದೇ ಬಳ್ಳಿಯ ಕುಡಿಗಳು. ಎಷ್ಟು ತಲೆಮಾರು ಕಳೆದರೂ ಒಡಹುಟ್ಟಿದವರ ಲೆಕ್ಕ. ಅಲ್ಲಿಂದ ಹೆಣ್ಣು ತರುವುದಿಲ್ಲ, ಅಲ್ಲಿಗೆ ಕೊಡುವುದಿಲ್ಲ. ಆ ಮಾತಿನಲ್ಲಿ ಒಮ್ಮೆ ಅನುಮಾನ ಬಂದರೆ ಹಾಲಿಗೆ ಹುಳಿ ಬಿದ್ದ ಹಾಗೆ. ಜಂಬುಲಿಂಗಪ್ಪ ತಟ್ಟೆಯನ್ನು ಕೆಳಗಿಟ್ಟರು. "ಬೆಡಗು ಮುಚ್ಚಿಟ್ಟು ಹೆಣ್ಣು ತರೋ ಜನ ಅಲ್ಲಮ್ಮ ನಾವು" ಎಂದು ಎದ್ದು ನಿಂತರು. ಓಂಕಾರಮೂರ್ತಿ ಅವರನ್ನು ನೋಡಿದ, ತಾಯಿಯನ್ನು ನೋಡಿದ. "ಅವ್ವ ಹೇಳಿದ್ಮೇಲೆ ಮುಗೀತು" ಎಂದು ತನ್ನ ತಟ್ಟೆಯನ್ನೂ ಇಟ್ಟ. ಬಂದ ನೆಂಟರು ಹೋಳಿಗೆ ಮುಟ್ಟದೆ ಹೋಗುವುದೆಂದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಜಗಳ ಬೇರೆ ಇಲ್ಲ. ವಿಶ್ವನಾಥ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಒಮ್ಮೆ ಒಳಕ್ಕೆ ತಿರುಗಿ ನೋಡಿದ. ದೀಪಿಕಾ ಅಡಿಗೆಮನೆಯ ಬಾಗಿಲಿಗೆ ಅಂಟಿಕೊಂಡು ನಿಂತಿದ್ದಳು.

ಓಂಕಾರಮೂರ್ತಿ ಮೂರ್ಖನಲ್ಲ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವವನು, ಶೇಂಗಾ ಚೀಲಕ್ಕೆ ಕೈ ಹಾಕಿ ಅದು ಯಾವ ಹೊಲದ್ದೆಂದು ಹೇಳಬಲ್ಲವನು. ಆದರೆ ತಾಯಿಯ ಮಾತಿಗೆ ಎದುರಾಡಿದವರು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಯಾರ ಮನೆಯ ಬೇರು ಎಲ್ಲಿ, ಯಾರ ಅಜ್ಜಿ ಯಾವ ಊರಿನಿಂದ ಬಂದವಳು, ಯಾರು ದತ್ತು ಹೋದವರು, ಎಲ್ಲವೂ ಜಗದಾಂಬಮ್ಮನವರಿಗೆ ಬಾಯಿಪಾಠ. ಹೆಣ್ಣು ನೋಡಲು ಹೊರಟವರು ಜಾತಕ ನೋಡಿಸದೆ ಹೋದಾರು, ಜಗದಾಂಬಮ್ಮನವರನ್ನು ಕೇಳದೆ ಹೋಗುತ್ತಿರಲಿಲ್ಲ. ಇದನ್ನು ಬಲ್ಲ ಉಳಿದ ಮುದುಕರೆಲ್ಲ ಒಬ್ಬೊಬ್ಬರಾಗಿ ಲಿಂಗೈಕ್ಯರಾಗಿದ್ದರು. ಹಾಲಮ್ಮನೂ ಹೋಗಿ ವರ್ಷಗಳಾಗಿದ್ದವು, ಅವಳ ಅಪ್ಪನ ಮನೆಯಲ್ಲೂ ಯಾರೂ ಉಳಿದಿರಲಿಲ್ಲ. ಹಾಗಾಗಿ ಜಗದಾಂಬಮ್ಮ ಒಂದು ಹೇಳಿ ಜಂಬುಲಿಂಗಪ್ಪ ಇನ್ನೊಂದು ಹೇಳಿದರೆ ಊರು ಯಾರನ್ನು ನಂಬುತ್ತದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ವಾರದೊಳಗೆ ಎಣ್ಣೆ ಅಂಗಡಿಯ ಬೀದಿಯಲ್ಲೆಲ್ಲ ಸುದ್ದಿ ಹಬ್ಬಿತು. ಕೊಂಡ್ಲಹಳ್ಳಿಯವರು ಬೆಡಗು ಮುಚ್ಚಿಟ್ಟಿದ್ದರಂತೆ, ಅಜ್ಜಿ ಕೊನೆಯ ಗಳಿಗೆಯಲ್ಲಿ ಹಿಡಿದರಂತೆ.

ನಿಜ ಗೊತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ. ಅವಳು ಬಾಯಿ ಬಿಡಲಿಲ್ಲ.

ದಸರೆಯ ಹೊತ್ತಿಗೆ ವಿಶ್ವನಾಥನ ಫೋಟೋ ಬಂದಿತ್ತು. ಹಿತ್ತಲಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದ ಅಜ್ಜಿಗೆ ದೀಪಿಕಾ ಅದನ್ನು ತೋರಿಸಿದಾಗ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ ಹೇಳಿದ್ದರು. "ಕೊಂಡ್ಲಹಳ್ಳಿ ಎಳ್ಳಿನವರಾ? ಬಂಗಾರದಂಥ ಜನ ಕಣೇ. ನಮ್ಮ ಹಾಲಮ್ಮನ ಮದುವೆ ಹೊತ್ತಿಗೆ ಮಾಳಿಗೆ ಬಿತ್ತು ಅಂತ ಅಂಗಳಾನೇ ಬಿಟ್ಟುಕೊಟ್ಟೋರು. ಧೈರ್ಯವಾಗಿ ಹೂಂ ಅನ್ನು." ಆಮೇಲೆ ಮಗನಿಗೆ ಬರಿಯ "ಆಗಬೋದು" ಎಂದಿದ್ದರು. ಅಂಗಳದ ಕಥೆ ಕೇಳಿದ್ದವಳು ದೀಪಿಕಾ ಮಾತ್ರ. ಒಂದೇ ತಿಂಗಳಲ್ಲಿ ಆ ಕಥೆಯ ಅರ್ಧ ಅಜ್ಜಿಯ ತಲೆಯಿಂದ ಜಾರಿಹೋಗಿತ್ತು. ಉಳಿದರ್ಧ ಗಟ್ಟಿಯಾಗಿ ನಿಂತು ಸಾಕ್ಷಿ ಹೇಳಿತ್ತು.

ಇಂಥ ಜಾರುವಿಕೆಗಳನ್ನು ದೀಪಿಕಾ ಮಳೆಗಾಲದಿಂದಲೂ ಬಲ್ಲಳು. ಅಜ್ಜಿ ಮೊಮ್ಮಗಳು ಮಲಗುವುದು ಒಂದೇ ಕೋಣೆಯಲ್ಲಿ. ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಅವಳು ಸದ್ದಿಲ್ಲದೆ ನೀರು ಬೆರೆಸಿ ಬೇಳೆ ಕಡೆದು ಸೇರಿಸುತ್ತಿದ್ದಳು. ಹೇಳಿದ್ದನ್ನೇ ಅಜ್ಜಿ ಮತ್ತೆ ಹೇಳಿದರೆ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು. ಲಿಂಗಪೂಜೆಯದೇ ದೊಡ್ಡ ಪಾಡು. ಪೂಜೆಯಾಗದೆ ಜಗದಾಂಬಮ್ಮ ಗುಟುಕು ನೀರೂ ಮುಟ್ಟುವವರಲ್ಲ. ಒಂದು ದಿನ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು, "ಅಯ್ಯೋ, ಪೂಜೆ ಆಗಿಲ್ವಲ್ಲೇ" ಎಂದು ಎದ್ದು ಹೋದರು. ಮತ್ತೆ ಬಂದು ಮತ್ತೆ ಎದ್ದರು. ಮಧ್ಯಾಹ್ನದವರೆಗೂ ಉಪವಾಸ. ಅಂದಿನಿಂದ ದೀಪಿಕಾ ತಟ್ಟೆ ಇಡುವಾಗಲೇ, "ಹಣೆ ಮೇಲೆ ವಿಭೂತಿ ಮುಟ್ಟಿ ನೋಡ್ಕೋ ಅಜ್ಜಿ, ಪೂಜೆ ಆಗೈತೆ" ಎನ್ನುತ್ತಿದ್ದಳು. ಅಜ್ಜಿ ಹಣೆ ಸವರಿ ಬೆರಳು ನೋಡಿಕೊಂಡು, ಸಮಾಧಾನವಾಗಿ ಊಟಕ್ಕೆ ಕೂರುತ್ತಿದ್ದರು.

ಇದನ್ನೆಲ್ಲ ಹೇಳಿಬಿಟ್ಟರೆ ಜನ ಏನನ್ನುತ್ತಾರೆಂದು ದೀಪಿಕಾಳಿಗೆ ಗೊತ್ತು. ಅರವತ್ತಕ್ಕೆ ಅರಳು ಮರಳು. ಅಷ್ಟೇ. ಇಷ್ಟು ವರ್ಷ ಕೈಮುಗಿದು ಅಜ್ಜಿಯನ್ನು ಕೇಳಲು ಬರುತ್ತಿದ್ದವರೇ ಹಿಂದಿನಿಂದ ನಗುತ್ತಾರೆ. ಹೇಳದಿದ್ದರೆ ವಿಶ್ವನಾಥ ಸಿಗುವುದಿಲ್ಲ. ಅವನನ್ನು ಅವಳು ಮಾತಾಡಿಸಿದ್ದು ಒಂದೇ ಸಲ, ಹೆಣ್ಣು ನೋಡಲು ಬಂದ ದಿನ. ಮೊಳಕಾಲ್ಮೂರಿನ ದನದ ಆಸ್ಪತ್ರೆಯಲ್ಲಿ ಡಾಕ್ಟರು. "ಎತ್ತು ಒದೆಯಲ್ವಾ?" ಎಂದು ಕೇಳಿದ್ದಳು. "ಒದೀತವೆ. ಓದಿದ್ದು ಆಮೇಲೆ, ಮೊದಲು ಎಲ್ಲಿ ನಿಂತ್ಕಬೇಕು ಅಂತ ಕಲ್ತೆ" ಎಂದಿದ್ದ. ಆ ಉತ್ತರವನ್ನು ಅವಳು ದಿನಕ್ಕೆ ನಾಲ್ಕು ಸಲ ನೆನೆಸಿಕೊಂಡು ನಗುತ್ತಿದ್ದಳು, ಆಮೇಲೆ ಅಳು ಬರುತ್ತಿತ್ತು. ತಾಯಿ ಗಂಗಾಂಬಿಕೆ ಕೇಳಿದರೆ, "ಈರುಳ್ಳಿ" ಎನ್ನುತ್ತಿದ್ದಳು, ಕೈಯಲ್ಲಿ ಈರುಳ್ಳಿ ಇಲ್ಲದಿದ್ದರೂ.

ಒಂದು ಬೆಳಿಗ್ಗೆ ಹೂ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತಿ ಕೇಳಿದರು. "ಕೊಂಡ್ಲಹಳ್ಳಿಯೋರು ತಾಂಬೂಲಕ್ಕೆ ಯಾವತ್ತು ಬರ್ತಾರೆ?"

ದೀಪಿಕಾಳ ಕೈಯಲ್ಲಿದ್ದ ಪೊರಕೆ ನಿಂತಿತು. ಅಷ್ಟರಲ್ಲಿ ಅಜ್ಜಿಯೇ, "ಓ, ಅದು ಬ್ಯಾಡ ಅಂದ್ವಲ್ಲ, ಬೆಡಗು ಒಂದೇ ಅಂತ" ಎಂದು ಮತ್ತೆ ದಾರಕ್ಕೆ ಹೂ ಸೇರಿಸಿದರು. ಆದರೆ ಬೆರಳು ನಿಧಾನವಾಗಿತ್ತು. ತಾನು ಏನು ಕೇಳಿದೆನೆಂದು ಅವರಿಗೂ ಗೊತ್ತಾಗಿ ಹೆದರಿಕೆಯಾಗಿತ್ತು. ಆ ಹೆದರಿಕೆಯನ್ನು ಕಂಡ ಮೇಲೆ ದೀಪಿಕಾಳಿಗೆ ಸುಮ್ಮನಿರಲು ಆಗಲಿಲ್ಲ. ಮದುವೆ ಹಾಳಾಗಿ ಹೋಗಲಿ, ಅಜ್ಜಿ ಒಬ್ಬರೇ ಹೀಗೆ ಹೆದರಿಕೊಂಡು ಕೂರುವುದು ಬೇಡ ಎನ್ನಿಸಿತು. ಪ್ರತಿ ಶನಿವಾರ ದಾವಣಗೆರೆಯಿಂದ ಒಬ್ಬರು ನರದ ಡಾಕ್ಟರು ಚಳ್ಳಕೆರೆಗೆ ಬರುತ್ತಿದ್ದರು. ಮಂಡಿನೋವಿಗೆ ಎಂದು ಸುಳ್ಳು ಹೇಳಿ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋದಳು.

ಡಾಕ್ಟರ್ ರವಿಕಿರಣ್ ವಯಸ್ಸಿನಲ್ಲಿ ಚಿಕ್ಕವರು, ಮೊಳಕಾಲ್ಮೂರು ತಾಲ್ಲೂಕಿನ ಗಡಿ ಹಳ್ಳಿಯವರು. ಅವರ ಕನ್ನಡದಲ್ಲಿ ತೆಲುಗು ಸಾಸಿವೆ ಹಾಕಿದ ಹಾಗೆ ಅಲ್ಲಲ್ಲಿ ಚಟಪಟ ಅನ್ನುತ್ತಿತ್ತು. "ಕೂರ್ಚೋಂಡಿ ಅಮ್ಮಾ, ಕೂತ್ಕಳಿ" ಎಂದವರೇ ಕುರ್ಚಿಯನ್ನು ಎದುರಿಗೆ ಎಳೆದುಕೊಂಡರು. ಮಂಡಿಯ ವಿಚಾರ ಎತ್ತಲೇ ಇಲ್ಲ.

"ಇವತ್ತು ಯಾವ ವಾರ?"

"ನೀವು ಬರೋ ವಾರ" ಎಂದರು ಜಗದಾಂಬಮ್ಮ.

ಡಾಕ್ಟರು ನಕ್ಕರು. "ತಿಂಗಳು?"

"ಕಾರ್ತೀಕ ಮುಗೀತಾ ಬಂತು."

"ಇಸವಿ?"

"ಅದು ಬ್ಯಾಂಕಿನೋರಿಗೆ ಬೇಕು. ನನಗ್ಯಾಕಪ್ಪ?"

"ಸರಿ. ಮೂರು ಮಾತು ಹೇಳ್ತೀನಿ, ನೆನಪಿಟ್ಕಳಿ. ಆಮೇಲೆ ಕೇಳ್ತೀನಿ. ಮಲ್ಲಿಗೆ, ನೊಗ, ಕಂಬಳಿ."

ಜಗದಾಂಬಮ್ಮ ಮೂರನ್ನೂ ಸರಾಗವಾಗಿ ಒಪ್ಪಿಸಿದರು. ಡಾಕ್ಟರು ಬಿಳಿ ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಜಗದಾಂಬಮ್ಮ ನಾಲ್ಕನೇ ತರಗತಿಯವರೆಗೆ ಓದಿದವರು. ದುಂಡಗೆ ಬರೆದು ಅಂಕಿಗಳನ್ನೂ ಕೂರಿಸಿದರು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಇಡಿ ಎಂದಾಗ ಪೆನ್ನು ಸ್ವಲ್ಪ ಹೊತ್ತು ಹಾಳೆಯ ಮೇಲೆ ಅಲೆಯಿತು. ಒಂದು ಮುಳ್ಳು ಹನ್ನೊಂದಕ್ಕೆ ಹೋಯಿತು, ಇನ್ನೊಂದು ಹತ್ತಕ್ಕೆ. ಅದು ಸರಿಯಿಲ್ಲವೆಂದು ಅವರಿಗೇ ಅನ್ನಿಸಿತು, ಆದರೆ ಎಲ್ಲಿ ತಪ್ಪಿದೆ ಎಂದು ಹೊಳೆಯಲಿಲ್ಲ. "ನಿಮ್ಮ ಪೆನ್ನು ಸರಿ ಇಲ್ಲ" ಎಂದರು.

"ಆವಾಗ ಹೇಳಿದ ಮೂರು ಮಾತು ಏನಮ್ಮ?"

"ಮಲ್ಲಿಗೆ" ಎಂದರು ತಕ್ಷಣ. ಉಳಿದೆರಡು ಸಿಗಲಿಲ್ಲ. ಕಿಟಕಿಯಾಚೆ ಬಸ್ಸೊಂದು ಹಾರನ್ ಹೊಡೆದುಕೊಂಡು ಹೋಯಿತು. ಅವರು ದೀಪಿಕಾಳ ಕಡೆ ನೋಡಿದರು, ಸಾರಿಗೆ ಉಪ್ಪು ಹಾಕಿದೆನಾ ಎಂದು ನೋಡುವಂತೆಯೇ. ದೀಪಿಕಾ ಹೇಳಿಕೊಡಲು ಬಾಯಿ ತೆರೆದಳು. ಡಾಕ್ಟರು ಬೇಡವೆಂದು ಕಣ್ಣಲ್ಲೇ ತಡೆದರು.

"ಮಿಕ್ಕಿದ್ದು ನಿಮ್ಮ ತಾವೇ ಇರ್ಲಿ ಬಿಡಿ" ಎಂದು ಜಗದಾಂಬಮ್ಮ ನಗಲು ನೋಡಿದರು. ನಗು ಬರಲಿಲ್ಲ.

ಮನೆಯಲ್ಲಿ ಹೇಗಿರುತ್ತಾರೆ ಎಂದು ಡಾಕ್ಟರು ದೀಪಿಕಾಳನ್ನು ಕೇಳಿದರು. "ಚೆನ್ನಾಗೇ ಇದಾರೆ" ಎಂದಳು ಅವಳು. ಜಗದಾಂಬಮ್ಮನೇ ಅವಳ ತೊಡೆ ತಟ್ಟಿದರು. "ಹೇಳೇ. ನನ್ನ ಎದುರಿಗೇ ಹೇಳು. ನೀನು ಸಾರಿಗೆ ನೀರು ಬೆರೆಸೋದು ನನಗೆ ಗೊತ್ತಿಲ್ಲ ಅಂದ್ಕಂಡಿದೀಯಾ?"

ದೀಪಿಕಾ ಉಪ್ಪಿನದು ಹೇಳಿದಳು, ಪೂಜೆಯದು ಹೇಳಿದಳು. ಅಂಗಳದ ವಿಚಾರ ಮಾತ್ರ ಬಿಟ್ಟುಬಿಟ್ಟಳು.

ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಥೈರಾಯ್ಡ್, ಬಿ ಹನ್ನೆರಡು ಕಡಿಮೆಯಾದರೂ ಹೀಗಾಗಬಹುದು, ಅದಾದರೆ ಮಾತ್ರೆಗೆ ಸರಿಹೋಗುತ್ತದೆ ಎಂದರು. ಮುಂದಿನ ಶನಿವಾರ ವರದಿ ಬಂತು. ಅವೆಲ್ಲ ಚೆನ್ನಾಗಿಯೇ ಇದ್ದವು. ಚೆನ್ನಾಗಿದ್ದುದಕ್ಕೆ ದೀಪಿಕಾಳಿಗೆ ಜೀವಮಾನದಲ್ಲಿ ಮೊದಲ ಸಲ ದುಃಖವಾಯಿತು.

"ಇದಕ್ಕೆ ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಅಂತೀವಿ ಅಮ್ಮ" ಎಂದರು ರವಿಕಿರಣ್, ಜಗದಾಂಬಮ್ಮನವರನ್ನೇ ನೋಡುತ್ತ. "ಹುಚ್ಚಲ್ಲ. ಎಲ್ಲಾ ಮರೆತುಹೋಗೋ ದೊಡ್ಡ ಕಾಯಿಲೇನೂ ಅಲ್ಲ. ವಯಸ್ಸಿಗೆ ಬರೋ ಮರೆವಿಗೂ ಆ ಕಾಯಿಲೆಗೂ ನಡುವೆ ಒಂದು ಗಡಿ ಐತೆ, ನೀವು ಅಲ್ಲಿದೀರಿ. ನಮ್ಮೂರು ಇದ್ದಂಗೆ. ಒಂದು ಹೊಲ ದಾಟಿದ್ರೆ ಆಂಧ್ರ. ಕೆಲವರು ಹಂಗೇ ಗಡಿಯಾಗೇ ಇದ್ದುಬಿಡ್ತಾರೆ, ಕೆಲವರು ದಾಟ್ತಾರೆ, ಕೆಲವರು ಈ ಕಡೆಗೇ ವಾಪಸ್ ಬರ್ತಾರೆ. ಯಾರು ಏನಾಗ್ತಾರೆ ಅಂತ ನಾನು ಇವತ್ತು ಹೇಳಕಾಗಲ್ಲ. ಆರು ತಿಂಗಳಿಗೊಮ್ಮೆ ನೋಡ್ತಾ ಹೋಗೋಣ. ನಡೀರಿ, ಜನರ ಹತ್ರ ಮಾತಾಡ್ರಿ, ಹೂ ಕಟ್ಟೋದು ಬಿಡಬೇಡಿ."

"ಸುಳ್ಳು ಹೇಳ್ತೀನಾ ನಾನು?" ಎಂದರು ಜಗದಾಂಬಮ್ಮ.

"ಅಂದ್ರೆ?"

"ನೆನಪಿಲ್ದೇ ಇದ್ರೆ ನೆನಪಿಲ್ಲ ಅಂತ ಗೊತ್ತಾಗ್ತೈತಲ್ಲ. ಅದಲ್ಲ ನಾನು ಕೇಳಿದ್ದು. ಚೆನ್ನಾಗಿ ನೆನಪೈತೆ ಅಂತ ನಾನು ಹೇಳಿದ್ದೂ ತಪ್ಪಿರಬೋದಾ?"

ಡಾಕ್ಟರು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. "ಇರಬೋದಮ್ಮ. ಒಂದು ತುಂಡು ಜಾರಿಹೋದ್ರೆ ಮನಸ್ಸು ಆ ಜಾಗ ಖಾಲಿ ಬಿಡಲ್ಲ. ಪಕ್ಕದಾಗೆ ಸಿಕ್ಕಿದ್ದನ್ನ ತಂದು ತುಂಬ್ತೈತೆ. ಅದು ಸುಳ್ಳು ಅಲ್ಲ. ಹೇಳೋರಿಗೆ ಅದು ನಿಜಾನೇ."

ಮನೆಗೆ ಹೊರಟಾಗ ಆಟೋ ಹಿಡಿದರು. ಮಾರುಕಟ್ಟೆಯ ಹತ್ತಿರ ಶೇಂಗಾ ತುಂಬಿದ ಲಾರಿಗಳು ಅಡ್ಡ ನಿಂತು ಆಟೋ ನಿಂತಿತು. ಆಗ ಅವರು ಮೊಮ್ಮಗಳ ಕಡೆ ತಿರುಗದೆಯೇ ಕೇಳಿದರು.

"ಕೊಂಡ್ಲಹಳ್ಳಿ ಮನೆ ವಿಚಾರ ಮೊದಲು ನಾನು ನಿನ್ನ ಹತ್ರ ಏನಾದ್ರೂ ಹೇಳಿದ್ನಾ?"

"ಇಲ್ಲಜ್ಜಿ."

"ನಿನಗೆ ಸುಳ್ಳು ಹೇಳಾಕೆ ಬರಲ್ಲ. ನಿಮ್ಮಪ್ಪಂಗೂ ಬರಲ್ಲ. ಮೂಗು ಕೆಂಪಾಗ್ತೈತೆ."

ದೀಪಿಕಾ ಅತ್ತುಬಿಟ್ಟಳು. ಅಳುತ್ತಲೇ ಹಿತ್ತಲು, ಫೋಟೋ, ಕುಸಿದ ಮಾಳಿಗೆ, ಬಿಟ್ಟುಕೊಟ್ಟ ಅಂಗಳ, ಎಲ್ಲವನ್ನೂ ಹೇಳಿದಳು. ಆಟೋದವನು ಕನ್ನಡಿಯಲ್ಲಿ ನೋಡಿ ಮುಖ ಬೇರೆ ಕಡೆ ತಿರುಗಿಸಿದ. ಜಗದಾಂಬಮ್ಮ ಪೂರ್ತಿ ಕೇಳಿದರು. ಅವರ ಮುಖದಲ್ಲಿ ಏನೂ ಹೊಳೆಯಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿಯಂತಿತ್ತು.

"ಮುಂಚೇನೇ ಯಾಕೆ ಹೇಳಲಿಲ್ಲ?"

"ಎಲ್ರೂ ನಿನ್ನ ಅರಳು ಮರಳು ಅಂತಾರೆ."

"ಅಂದ್ರೆ ಅನ್ನಲಿ!" ಎಂದು ಮೊಮ್ಮಗಳ ಕೆನ್ನೆಗೆ ಮೆಲ್ಲಗೆ ಒಂದು ಕೊಟ್ಟರು. ಆಮೇಲೆ ಅದೇ ಕೈಯಿಂದ ಅವಳ ಕಣ್ಣೊರೆಸಿದರು. "ನನ್ನ ಮರ್ಯಾದೆ ಉಳಿಸಾಕೆ ಗಂಡನ್ನ ಬಿಟ್ಟುಕೊಡ್ತಿದ್ಯಾ? ಹುಚ್ಚಿ. ಅಜ್ಜಿ ಎಷ್ಟು ದಿನ ಇರ್ತಾಳೆ, ಗಂಡ ಎಷ್ಟು ದಿನ ಇರ್ತಾನೆ?"

ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಓಂಕಾರಮೂರ್ತಿ ಒಪ್ಪಲಿಲ್ಲ. ಡಾಕ್ಟರ ಚೀಟಿಯನ್ನು ಓದದೆಯೇ ಮೇಜಿನ ಮೇಲೆ ಎಸೆದ. "ನೊಗ ಮರ್ತೋದ್ರೆ ಕಾಯಿಲೆಯಾ? ನಾನು ನಿನ್ನೆ ಮೊಬೈಲ್ ಎಲ್ಲಿಟ್ಟೆ ಅಂತ ಇಡೀ ಮಿಲ್ಲು ಹುಡುಕಿದೆ. ಅವ್ವಂಗೆ ಏನೂ ಆಗಿಲ್ಲ. ಅವ್ವ ಹೇಳಿದ್ದೇ ಸರಿ." ಅವನಿಗೆ ಬೇಕಾಗಿದ್ದುದು ಬೆಡಗಲ್ಲ. ತಾಯಿ ಮೊದಲಿನಂತೆಯೇ ಇದ್ದಾಳೆ ಎಂದು ಯಾರಾದರೂ ಹೇಳಬೇಕಾಗಿತ್ತು. ಐವತ್ತು ದಾಟಿದ ಗಂಡಸು ಮಗುವಿನ ಹಾಗೆ ಹಟ ಹಿಡಿದಿದ್ದನ್ನು ಕಂಡು ಗಂಗಾಂಬಿಕೆ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

"ಓಂಕಾರ, ಇಲ್ಲಿ ಬಾ" ಎಂದು ಜಗದಾಂಬಮ್ಮ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಬೀಗರ ಮುಂದೆ ನಿಂತು ನಮ್ಮವ್ವಂಗೆ ತಲೆ ಸರಿ ಇಲ್ಲ ಅಂತ ಹೇಳಾಕೆ ನನ್ನ ಕೈಲಾಗಲ್ಲ ಅವ್ವ."

"ನೀನು ಯಾಕೆ ಹೇಳ್ತೀಯ? ನಾನೇ ಹೇಳ್ತೀನಿ. ನನ್ನ ತಲೆ, ನನ್ನ ಬಾಯಿ. ಕಾರು ತಗಿ."

"ಆಮೇಲೆ ಯಾರೂ ನಿನ್ನ ಕೇಳಾಕೆ ಬರಲ್ಲ."

ಜಗದಾಂಬಮ್ಮನವರ ಕಣ್ಣು ಬಾಗಿಲ ಕಡೆ ಹೋಯಿತು. ಬೆಳಗಿನ ಹೊತ್ತು ನಡುಮನೆಯಲ್ಲಿ ಯಾರಾದರೂ ಬಂದು ಕೂರುವುದು, ಕಾಫಿ ಕುಡಿದು "ಅಮ್ಮಾ, ಒಂದು ಸಂಬಂಧ ಬಂದೈತೆ" ಎಂದು ಶುರುಮಾಡುವುದು, ತಾವು ಕಣ್ಣು ಮುಚ್ಚಿ ಊರಿಂದೂರಿಗೆ ಬೇರು ಹುಡುಕಿಕೊಂಡು ಹೋಗುವುದು. ಗಂಡ ಹೋದ ಮೇಲೆ ಅವರನ್ನು ಎತ್ತಿ ನಿಲ್ಲಿಸಿದ್ದು ಅದೇ. ಅದು ಹೋಗುತ್ತದೆ ಎಂದು ಅವರಿಗೆ ಮಗನಿಗಿಂತ ಚೆನ್ನಾಗಿ ಗೊತ್ತಿತ್ತು. "ಬರದಿದ್ರೆ ಕಾಫಿಪುಡಿ ಉಳೀತೈತೆ" ಎಂದು ಎದ್ದರು.

ಕೊಂಡ್ಲಹಳ್ಳಿಗೆ ಓಮ್ನಿ ಕಾರಿನಲ್ಲಿ ಮೂವರು ಹೋದರು. ಮದುವೆಗೆ ಮುಂಚೆ ಹುಡುಗಿ ಆ ಮನೆಗೆ ಹೋಗುವುದು ಚಂದವಲ್ಲ ಎಂದು ಗಂಗಾಂಬಿಕೆ ಗೊಣಗಿದಳು. "ಅವಳು ನನ್ನ ಸಾಕ್ಷಿ ಕಣಮ್ಮ" ಎಂದು ಜಗದಾಂಬಮ್ಮ ಮೊಮ್ಮಗಳ ಕೈ ಬಿಡಲಿಲ್ಲ.

ಜಂಬುಲಿಂಗಪ್ಪ ಜಗಲಿಯ ಮೇಲೆ ಕೂತಿದ್ದರು. ಕಂಡು ಎದ್ದು ನಿಂತರು. ಮನೆಗೆ ಬಂದವರನ್ನು ಕೂತುಕೊಂಡು ಮಾತಾಡಿಸುವ ಜನವಲ್ಲ. "ಬರ್ರಿ" ಎಂದರು, ಅಷ್ಟೇ. ಮನೆಯ ಸೊಸೆ ಬೆಲ್ಲ ನೀರು ತಂದಿಟ್ಟಳು. ವಿಶ್ವನಾಥ ಕೊಟ್ಟಿಗೆಯ ಕಡೆಯಿಂದ ಬಂದವನು ದೀಪಿಕಾಳನ್ನು ಕಂಡು ಅಲ್ಲೇ ನಿಂತುಬಿಟ್ಟ. ಕಾರು ಕಂಡು ಅಕ್ಕಪಕ್ಕದ ಒಂದಿಬ್ಬರು ಬಾಗಿಲಿಗೆ ಬಂದಿದ್ದರು.

ಜಗದಾಂಬಮ್ಮ ಜಗಲಿ ಹತ್ತಲಿಲ್ಲ. ಅಂಗಳದ ನಡುವೆಯೇ ನಿಂತರು. "ಅವತ್ತು ನನ್ನ ಮನೆಯಾಗೆ ಎಲ್ರ ಮುಂದೆ ಆಡಿದೆ. ಇವತ್ತು ನಿಮ್ಮ ಮನೆ ಮುಂದೆ ಎಲ್ರ ಎದುರಿಗೇ ಹೇಳ್ತೀನಿ" ಎಂದರು. ದೀಪಿಕಾಳ ಕೈ ಬಿಡದೆ ಗಟ್ಟಿ ದನಿಯಲ್ಲಿ ಮುಂದುವರಿಸಿದರು. "ನಾನು ಆಡಿದ್ದು ತಪ್ಪು. ನೀವು ಎಳ್ಳಿನವರೇ. ನಮ್ಮ ಕಷ್ಟಕ್ಕೆ ಅಂಗಳ ಬಿಟ್ಟುಕೊಟ್ಟೋರು. ಇದನ್ನ ನಾನೇ ನನ್ನ ಮೊಮ್ಮಗಳಿಗೆ ಹೇಳಿದ್ದೆ, ಆಮೇಲೆ ನಾನೇ ಮರೆತೆ. ನನಗೆ ಮರೆವಿನ ತೊಂದರೆ ಶುರುವಾಗೈತೆ ಅಂತ ಡಾಕ್ಟ್ರು ನೋಡಿ ಹೇಳಿದಾರೆ. ಇನ್ಮುಂದೆ ಬೆಡಗಿನ ವಿಚಾರ ಯಾರೂ ನನ್ನ ಕೇಳಬ್ಯಾಡಿ. ಕೇಳಿದ್ರೂ ನಂಬಬ್ಯಾಡಿ."

ಓಂಕಾರಮೂರ್ತಿ ಕಾರಿನ ಬಾಗಿಲು ಹಿಡಿದು ನೆಲ ನೋಡುತ್ತಿದ್ದ. ಜಂಬುಲಿಂಗಪ್ಪ ನಿಧಾನವಾಗಿ ಜಗಲಿ ಇಳಿದು ಬಂದರು. ಕೋಪ ಎಲ್ಲಿ ಹೋಯಿತೋ. "ಹಂಗಾರೆ ಈಗ ನೆನಪಾಯ್ತೇನಮ್ಮ ನಿಮಗೆ?"

ಹೂಂ ಎಂದುಬಿಟ್ಟರೆ ಎಲ್ಲರಿಗೂ ಹಗುರವಾಗುತ್ತಿತ್ತು. ಓಂಕಾರಮೂರ್ತಿ ತಲೆ ಎತ್ತಿ, ಹೂಂ ಅನ್ನವ್ವ ಎಂಬಂತೆ ನೋಡಿದ.

"ಇಲ್ಲ" ಎಂದರು ಜಗದಾಂಬಮ್ಮ. "ಈಗಲೂ ನನ್ನ ಕಣ್ಣಿಗೆ ಇದು ಹಾಲಮ್ಮನ ಅಪ್ಪನ ಮನೇನೇ. ಇಲ್ಲಿ ನಿಂತ್ರೆ ಇನ್ನೂ ಹೆಚ್ಚಾಗಿ ಹಂಗೇ ಕಾಣ್ತೈತೆ. ಏನ್ ಮಾಡ್ಲಿ? ಆದ್ರೆ ನನ್ನ ಕಣ್ಣಿಗಿಂತ ಈ ಹುಡುಗಿ ಮಾತು ನಂಬ್ತೀನಿ. ನೀವೂ ನಂಬ್ರಿ."

ಜಂಬುಲಿಂಗಪ್ಪ ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡರು. "ಬರೋ ಸೋಮವಾರ ನಾವು ಬರ್ತೀವಿ ಓಂಕಾರಮೂರ್ತಿ. ಈ ಸಲ ಉಂಡೇ ಹೋಗೋದು" ಎಂದರು. ವಿಶ್ವನಾಥ ಇನ್ನೂ ಅಲ್ಲೇ ನಿಂತಿದ್ದ. ಅವನ ಮುಖ ನೋಡಲಾಗದೆ ದೀಪಿಕಾ ಅಜ್ಜಿಯ ಭುಜಕ್ಕೆ ಹಣೆ ಆನಿಸಿದಳು. ಅವಳಿಗೆ ಸಂತೋಷವಾಗಿತ್ತು, ಆ ಸಂತೋಷ ಪೂರ್ತಿಯಾಗಲು ಇನ್ನೂ ಎಷ್ಟೋ ದಿನ ಬೇಕಾಗುತ್ತದೆ ಎಂದೂ ಅನ್ನಿಸಿತ್ತು.

"ಜಂಬುಲಿಂಗಪ್ಪನೋರೆ" ಎಂದರು ಜಗದಾಂಬಮ್ಮ ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ. "ಆ ಮದುವೆ ಹೆಂಗಾಯ್ತು ಅಂತ ನನಗೊಂದ್ಸಲ ಹೇಳ್ರಿ."

ಜಂಬುಲಿಂಗಪ್ಪ ಅಂಗಳದಲ್ಲಿ ನಡೆಯುತ್ತ ಕೈ ತೋರಿಸುತ್ತ ಹೇಳಿದರು. ಆಗ ತಾವು ಮೀಸೆ ಮೂಡುತ್ತಿದ್ದ ಹುಡುಗ. ಪಕ್ಕದ ಮನೆಯ ಮಾಳಿಗೆ ಬೆಳಗಿನ ಜಾವ ಕುಸಿದದ್ದು, ಯಾರಿಗೂ ಪೆಟ್ಟಾಗದ್ದು, ಅಕ್ಕಿ ಮೂಟೆಯೆಲ್ಲ ಮಣ್ಣಾದದ್ದು. ಹಾಲಮ್ಮ ಮದುವೆಯೇ ಬೇಡ ಎಂದು ಅತ್ತದ್ದು.

"ಆಮೇಲೆ?" ಎಂದರು ಜಗದಾಂಬಮ್ಮ.

ಅಪ್ಪ ತಾನೇ ಹೋಗಿ ಹಾಲಮ್ಮನ ಕೈ ಹಿಡಿದು ಕರೆದುಕೊಂಡು ಬಂದದ್ದು, ಈ ಮೂಲೆಯಲ್ಲಿ ಒಲೆ ಹೂಡಿದ್ದು, ಚಪ್ಪರಕ್ಕೆ ಹೊಂಗೆ ಸೊಪ್ಪು ಸಾಲದೆ ಬೇವಿನದು ತಂದದ್ದು.

"ಆಮೇಲೆ?"

ಊರಿನ ಎಷ್ಟೋ ಮನೆಗಳ ಕಥೆ ಹೇಳಿದ್ದವರು ತಮ್ಮ ಮನೆಯ ಕಥೆಯನ್ನು ಹೊಸದಾಗಿ ಕೇಳುತ್ತಿದ್ದರು. ಕಣ್ಣು ಜಂಬುಲಿಂಗಪ್ಪನವರ ಬೆರಳನ್ನು ಹಿಂಬಾಲಿಸುತ್ತಿತ್ತು. ಕೊನೆಗೆ ಕೇಳಿದರು. "ನಾನು ಬಂದಿದ್ನಾ?"

"ಬಂದಿದ್ರಿ. ಬರದೆ ಇರ್ತೀರಾ?"

"ಎಲ್ಲಿ ಕೂತಿದ್ದೆ?"

ಜಂಬುಲಿಂಗಪ್ಪ ಸುತ್ತ ನೋಡಿದರು. ಅಷ್ಟು ಹೆಂಗಸರ ನಡುವೆ ಪರವೂರಿನ ಎಳೆಯ ಸೊಸೆಯೊಬ್ಬಳು ಎಲ್ಲಿ ಕೂತಿದ್ದಳೆಂದು ಅವರಿಗೆ ನೆನಪಿತ್ತೋ ಇಲ್ಲವೋ, ಗೋಡೆಯ ನೆರಳು ಬಿದ್ದಿದ್ದ ಒಂದು ಜಾಗವನ್ನು ತೋರಿಸಿ, "ಅಗೋ, ಅಲ್ಲಿ" ಎಂದರು.

ಜಗದಾಂಬಮ್ಮ ಅಲ್ಲಿಗೆ ಹೋದರು. ಸೆರಗು ಸರಿಮಾಡಿಕೊಂಡು, ಮಂಡಿ ಹಿಡಿದುಕೊಂಡು, ಬರಿಯ ಅಂಗಳದ ಕಡೆ ಮುಖ ಮಾಡಿ ನೆಲದ ಮೇಲೆ ಕೂತರು. ಆಮೇಲೆ ಇನ್ನೊಬ್ಬರಿಗೆ ಜಾಗ ಬೇಕಾದೀತೆಂದು ಸ್ವಲ್ಪ ಪಕ್ಕಕ್ಕೆ ಸರಿದರು.